ಯುಗಸಂಧಿಯ ಗಣಿತ ಮತ್ತು ಯುಗಸಂಧಿಯ ಚರಿತ್ರೆ: ಸಾಸವಡದ ನೆಲೆಯಿಂದ ಒಂದು ಅವಲೋಕನ

1. ಪ್ರವೇಶ

ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಕೇಂದ್ರವಾದ ಸಾಸವಡವು ಕರ್‍ಹಾ ನದಿಯ ದಂಡೆಯ ಮೇಲಿರುವ ಪ್ರಾಚೀನ ಊರು. ಸಂತ ಜ್ಞಾನೇಶ್ವರರ ತಮ್ಮನಾದ ಸೋಪಾನದೇವನ ಸಮಾಧಿ ಇಲ್ಲಿದೆ. ವಾರಕರಿಗಳು ಅವನನ್ನು ಪ್ರೀತಿಯಿಂದ ಸೋಪಾನಕಾಕಾ ಎಂದು ಕರೆಯುತ್ತಾರೆ. ಆಷಾಢದ ಯಾತ್ರೆಯ ಕಾಲದಲ್ಲಿ ಆಳಂದಿಯಿಂದ ಹೊರಟ ಜ್ಞಾನೇಶ್ವರರ ಪಾಲಖಿಯು ದಿವೇ ಘಾಟನ್ನೇರಿ ಬಂದು ತಮ್ಮನ ಊರಿನಲ್ಲಿ ತಂಗುತ್ತದೆ. ಸೋಪಾನದೇವನ ಪಾಲಖಿಯೂ ಇಲ್ಲಿಂದಲೇ ಪಂಢರಪುರಕ್ಕೆ ಹೊರಡುತ್ತದೆ. ಊರಿನ ಬಳಿಯ ಸಂಗಮೇಶ್ವರ ಮತ್ತು ಚಾಂಗವಟೇಶ್ವರ ದೇವಾಲಯಗಳು, ನೈರುತ್ಯದಲ್ಲಿ ಕಾಣುವ ಪುರಂದರ ದುರ್ಗ, ಸಮೀಪದ ಜೇಜುರಿಯ ಖಂಡೋಬಾ, ಇವೆಲ್ಲವೂ ಕನ್ನಡ ಸಂಸ್ಕೃತಿಯ ಅಧ್ಯಯನ ಮಾಡುವವರಿಗೆ ಅಪರಿಚಿತವಾದವುಗಳಲ್ಲ.

ಸಂಪ್ರದಾಯದ ಪ್ರಕಾರ ಸೋಪಾನದೇವನು ಸಮಾಧಿಸ್ಥನಾದುದು ಶಕ 1218ರ ದುರ್ಮುಖಿ ಸಂವತ್ಸರದ ಮಾರ್ಗಶಿರ ಬಹುಳ ತ್ರಯೋದಶಿಯಂದು. ಇದು ಕ್ರಿ.ಶ. 1296-97ಕ್ಕೆ ಸರಿಹೊಂದುತ್ತದೆ. ಇದೇ ವರ್ಷವನ್ನು ಸಿದ್ಧಾಂತಿಗಳ ರೀತಿಯಲ್ಲಿ ಹೇಳುವುದಾದರೆ ಕಲಿಯುಗದ ಗತವರ್ಷ 4397. ಒಂದೇ ದಿನವನ್ನು ಶಕದಿಂದ, ಸಂವತ್ಸರದಿಂದ, ಯುಗದಿಂದ ಹೀಗೆ ಮೂರು ಬಗೆಯಲ್ಲಿ ಗುರುತಿಸಬಹುದಾಗಿದೆ. ಈ ಮೂರೂ ಅಳತೆಗಳು ಒಂದೇ ಕಾಲವನ್ನು ಅಳೆಯುವಂತೆ ತೋರಿದರೂ ಅವುಗಳ ಹುಟ್ಟು ಬೇರೆ, ಉದ್ದೇಶ ಬೇರೆ, ವಿಶ್ವಾಸಾರ್ಹತೆಯೂ ಬೇರೆ. ಈ ಭೇದವನ್ನು ಮರೆತಾಗ ಸಾಹಿತ್ಯ ಚರಿತ್ರೆಯಲ್ಲಿ ಎಂತಹ ದೋಷಗಳು ಉಂಟಾಗುತ್ತವೆ ಎಂಬುದಕ್ಕೆ ಪ್ರಸ್ತುತ ಲೇಖಕನೇ ಒಂದು ನಿದರ್ಶನ. ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಒಂದು ಕಾಲಜ್ಞಾನದ ಹಸ್ತಪ್ರತಿಯ ಕಾಲವನ್ನು ಅದರೊಳಗಿನ ಸಂವತ್ಸರದ ಹೆಸರು ಮತ್ತು ಯುಗಾಂತ್ಯದ ಮಾತುಗಳ ಬಲದಿಂದ ನಿರ್ಣಯಿಸಿದ್ದೆ. ಶಕವರ್ಷದ ಉಲ್ಲೇಖವಿಲ್ಲದ ಸಂವತ್ಸರವು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆಂಬ ಸರಳ ಸಂಗತಿಗೆ ಅಂದು ಕೊಡಬೇಕಾದಷ್ಟು ಬೆಲೆ ಕೊಟ್ಟಿರಲಿಲ್ಲ. ಆ ನಿರ್ಣಯವನ್ನು ನಾನು ಈಗ ಒಪ್ಪುವುದಿಲ್ಲ.

ಯುಗ ಎಂದರೇನು, ಒಂದು ಯುಗದಿಂದ ಮತ್ತೊಂದಕ್ಕೆ ಸಾಗುವ ಸಂಧಿಯನ್ನು ಯಾರು, ಯಾವ ಆಧಾರದಿಂದ ಗೊತ್ತುಪಡಿಸಿದರು ಎಂಬ ಪ್ರಶ್ನೆಗಳನ್ನು ಕನ್ನಡ-ಮರಾಠಿ ಸೀಮೆಯ ಸಾಮಗ್ರಿಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪಾಶ್ಚಾತ್ಯ ಜ್ಯೋತಿಷದಲ್ಲಿ ಬಳಕೆಗೆ ಬಂದಿರುವ 'ಮೀನಯುಗ', 'ಕುಂಭಯುಗ' ಎಂಬ ಪರಿಕಲ್ಪನೆಗಳು ಈಚೆಗೆ ನಮ್ಮ ಬರವಣಿಗೆಗಳಲ್ಲಿಯೂ ಕಾಣಿಸಿಕೊಳ್ಳುತ್ತಿರುವುದರಿಂದ ಈ ವಿಚಾರ ಅಗತ್ಯವೆನಿಸಿದೆ.

2. ಸಿದ್ಧಾಂತಗಳ ಯುಗ

'ಯುಗ' ಶಬ್ದಕ್ಕೆ ಮೊದಲಿನಿಂದಲೂ ಒಂದೇ ಅರ್ಥವಿರಲಿಲ್ಲ. ವೇದಾಂಗಜ್ಯೋತಿಷದಲ್ಲಿ ಯುಗವೆಂದರೆ ಐದು ವರ್ಷಗಳ ಒಂದು ಚಕ್ರ. ಸೂರ್ಯಚಂದ್ರರ ಗತಿಗಳನ್ನು ಹೊಂದಿಸಿಕೊಳ್ಳಲು ಮಾಡಿಕೊಂಡ ವ್ಯವಸ್ಥೆ. ಪುರಾಣ ಮತ್ತು ಸಿದ್ಧಾಂತಗಳ ಕಾಲಕ್ಕೆ ಅದು 43,20,000 ವರ್ಷಗಳ ಮಹಾಯುಗವಾಗಿ ಬೆಳೆಯಿತು. ಕೃತ, ತ್ರೇತಾ, ದ್ವಾಪರ, ಕಲಿಗಳು 4:3:2:1ರ ಪ್ರಮಾಣದಲ್ಲಿ ಇಳಿಯುತ್ತವೆ. ಕಲಿಯ ಪಾಲು 4,32,000 ವರ್ಷ. ಆದರೆ ಈ ವಿಭಜನೆಯನ್ನು ಎಲ್ಲರೂ ಒಪ್ಪಿರಲಿಲ್ಲ. ಆರ್ಯಭಟನು ಮಹಾಯುಗವನ್ನು 10,80,000 ವರ್ಷಗಳ ನಾಲ್ಕು ಸಮಪಾದಗಳಾಗಿ ವಿಂಗಡಿಸಿದನು. ಇದು ಸ್ಮೃತಿಗಳಿಗೆ ಹೊರತಾದುದೆಂದು ಬ್ರಹ್ಮಗುಪ್ತನು ಖಂಡಿಸಿದನು. ಯುಗದ ಪ್ರಮಾಣವು ಗಣಿತಜ್ಞರ ನಡುವೆಯೇ ವಿವಾದದ ವಿಷಯವಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಕಲಿಯುಗದ ಆರಂಭವನ್ನು ಸಿದ್ಧಾಂತಗಳು ಕ್ರಿ.ಪೂ. 3102ರ ಫೆಬ್ರವರಿ 17-18ಕ್ಕೆ ಇಟ್ಟಿವೆ. ಆ ಕ್ಷಣದಲ್ಲಿ ಗ್ರಹಗಳು ಮೇಷದ ಆದಿಯಲ್ಲಿ ಕೂಡಿದ್ದವೆಂಬುದು ಗಣಿತದ ಕಲ್ಪನೆ. ತನಗೆ ಇಪ್ಪತ್ತಮೂರು ವರ್ಷವಾದಾಗ ಕಲಿಯಲ್ಲಿ 3600 ವರ್ಷಗಳು ಕಳೆದಿದ್ದವೆಂದು ಆರ್ಯಭಟನು ಹೇಳಿಕೊಂಡಿದ್ದಾನೆ, ಅದು ಕ್ರಿ.ಶ. 499. ಕಲಿಯ ಗಣನೆಯು ಈ ಕಾಲದ ಜ್ಯೋತಿಷಿಗಳು ಹಿಂದಕ್ಕೆ ಲೆಕ್ಕ ಹಾಕಿ ಸ್ಥಾಪಿಸಿದ ಆರಂಭಬಿಂದುವೇ ಹೊರತು ಜನರು ಅಂದಿನಿಂದ ಎಣಿಸುತ್ತ ಬಂದ ಶಕವಲ್ಲವೆಂದು ಕನ್ನಡ ಶಾಸನಗಳ ವಿದ್ವಾಂಸ ಜೆ. ಎಫ್. ಫ್ಲೀಟ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಾದಿಸಿದರು. ಈ ಅಭಿಪ್ರಾಯಕ್ಕೆ ಬಲವಾದ ಕಾರಣಗಳಿವೆ.

ಕರ್ನಾಟಕದ ಶಾಸನಗಳಲ್ಲಿ ಈ ಗಣನೆಗೆ ದೊರೆಯುವ ಪ್ರಸಿದ್ಧ ನಿದರ್ಶನ ಇಮ್ಮಡಿ ಪುಲಕೇಶಿಯ ಐಹೊಳೆ ಶಾಸನ. ಮೇಗುಟಿಯ ಜಿನಾಲಯದ ಈ ಶಾಸನದಲ್ಲಿ ಕವಿ ರವಿಕೀರ್ತಿಯು ಭಾರತ ಯುದ್ಧದಿಂದ 3735 ವರ್ಷಗಳೂ ಶಕರಾಜರ 556 ವರ್ಷಗಳೂ ಕಳೆದಿದ್ದವೆಂದು ಹೇಳುತ್ತಾನೆ. ಇವೆರಡರ ಅಂತರ 3179. ಸಿದ್ಧಾಂತಗಳ ಪ್ರಕಾರ ಶಕ ಮತ್ತು ಕಲಿ ಗಣನೆಗಳ ನಡುವಿನ ಅಂತರವೂ ಅಷ್ಟೇ. ಎಂದರೆ ಕ್ರಿ.ಶ. 634-35ರ ವೇಳೆಗೆ ಭಾರತ ಯುದ್ಧವನ್ನೂ ಕಲಿಯ ಆರಂಭವನ್ನೂ ಒಂದಾಗಿಸುವ ಮತ ವಾತಾಪಿಯ ಆಸ್ಥಾನವನ್ನು ಮುಟ್ಟಿತ್ತು. ಆದರೆ ಇದು ಏಕೈಕ ಮತವಾಗಿರಲಿಲ್ಲ. ವೃದ್ಧಗರ್ಗನನ್ನು ಅನುಸರಿಸಿದ ವರಾಹಮಿಹಿರನು ಯುಧಿಷ್ಠಿರನ ಕಾಲವನ್ನು ಶಕಕ್ಕಿಂತ 2526 ವರ್ಷ ಹಿಂದಕ್ಕೆ ಇರಿಸುತ್ತಾನೆ. ಅದೇ ಪಕ್ಷವನ್ನು ಹಿಡಿದ ಕಾಶ್ಮೀರದ ಕಲ್ಹಣನು ಹನ್ನೆರಡನೆಯ ಶತಮಾನದಲ್ಲಿ ಕೌರವ-ಪಾಂಡವರು ಕಲಿಯ 653 ವರ್ಷಗಳು ಕಳೆದಮೇಲೆ ಇದ್ದರೆಂದು ಬರೆದನು. ರವಿಕೀರ್ತಿಯ ಭಾರತ ಯುದ್ಧಕ್ಕೂ ಕಲ್ಹಣನ ಭಾರತ ಯುದ್ಧಕ್ಕೂ ಆರೂವರೆ ಶತಮಾನಗಳ ಅಂತರ. ದ್ವಾಪರ ಮುಗಿದು ಕಲಿ ಹೊಕ್ಕಿತೆಂಬ ಅತ್ಯಂತ ಪ್ರಸಿದ್ಧವಾದ ಯುಗಸಂಧಿಗೂ ಸರ್ವಸಮ್ಮತವಾದ ಚಾರಿತ್ರಿಕ ಗುರುತು ಇರಲಿಲ್ಲ.

ವರಾಹಮಿಹಿರನು ಇಲ್ಲಿ ಬಳಸಿದುದು ಸಪ್ತರ್ಷಿಗಳ ಗಣನೆಯನ್ನು. ಸಪ್ತರ್ಷಿಗಳು ಒಂದೊಂದು ನಕ್ಷತ್ರದಲ್ಲಿ ನೂರು ವರ್ಷ ನಿಲ್ಲುತ್ತಾರೆ, 2700 ವರ್ಷಗಳಿಗೊಮ್ಮೆ ಸುತ್ತನ್ನು ಪೂರೈಸುತ್ತಾರೆ, ಯುಧಿಷ್ಠಿರನು ಆಳುವಾಗ ಮಘೆಯಲ್ಲಿದ್ದರು ಎಂಬುದು ಅದರ ಸಾರ. ಒಂದು ಆಕಾಶಚಿಹ್ನೆಯು ನಕ್ಷತ್ರಚಕ್ರದಲ್ಲಿ ಸಾಗುತ್ತ ಚರಿತ್ರೆಯನ್ನು ಕಾಲಖಂಡಗಳಾಗಿ ಒಡೆಯುತ್ತದೆ ಎಂಬ ಭಾವನೆಗೆ ನಮ್ಮಲ್ಲಿ ದೊರೆಯುವ ಪ್ರಾಚೀನ ಮಾದರಿ ಇದೇ. ಸಪ್ತರ್ಷಿಗಳಿಗೆ ನಿಜವಾಗಿ ಅಂತಹ ಗತಿಯಿಲ್ಲ. ಆದರೂ ಈ ಗಣನೆ ಕಾಶ್ಮೀರ ಮತ್ತು ಹಿಮಾಲಯದ ಸೀಮೆಗಳಲ್ಲಿ ಲೌಕಿಕ ಶಕವಾಗಿ ಬಹುಕಾಲ ಬಳಕೆಯಲ್ಲಿತ್ತು.

3. ಅಯನಚಲನ ಮತ್ತು ಅದರ ಮಿತಿ

ಪಾಶ್ಚಾತ್ಯರ 'ಮೀನಯುಗ-ಕುಂಭಯುಗ'ಗಳ ಆಧಾರ ಬೇರೆ, ಅದು ಅಯನಚಲನ. ಭೂಮಿಯ ಅಕ್ಷವು ನಿಧಾನವಾಗಿ ತಿರುಗುವುದರಿಂದ ವಸಂತ ಸಂಪಾತಬಿಂದುವು ನಕ್ಷತ್ರಗಳ ನಡುವೆ ವರ್ಷಕ್ಕೆ ಸುಮಾರು 50.3 ವಿಕಲೆಯಷ್ಟು ಹಿಂದೆ ಸರಿಯುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಒಂದು ರಾಶಿಗೆ ಸುಮಾರು 2,150 ವರ್ಷ. ಸಂಪಾತವು ಮೀನವನ್ನು ಬಿಟ್ಟು ಕುಂಭಕ್ಕೆ ಹೊಗುವುದೇ ಯುಗಪರಿವರ್ತನೆಯೆಂದು ಅವರ ಎಣಿಕೆ. ನಮ್ಮ ಜನಜೀವನದಲ್ಲಿ ಈ ಚಲನವು ಸುಲಭವಾಗಿ ಕಾಣುವುದು ಮಕರ ಸಂಕ್ರಮಣದಲ್ಲಿ. ನಿಜವಾದ ಉತ್ತರಾಯಣವು ಡಿಸೆಂಬರ್ 21-22ರಂದು ಆರಂಭವಾದರೂ ನಾವು ಸಂಕ್ರಾಂತಿಯನ್ನು ಆಚರಿಸುವುದು ಜನವರಿ 14-15ರಂದು. ಈ ಇಪ್ಪತ್ತನಾಲ್ಕು ದಿನಗಳ ಅಂತರವು ಸಂಚಿತವಾದ ಅಯನಚಲನವೇ. ಚಿತ್ರಾಪಕ್ಷದ ಲೆಕ್ಕದಿಂದ ನೋಡಿದರೆ ಸೋಪಾನದೇವನ ಕಾಲಕ್ಕೆ ಈ ಅಂತರ ಹದಿನಾಲ್ಕು ದಿನಗಳಷ್ಟಿತ್ತು.

ಅಯನಗಳು ಸರಿಯುತ್ತವೆಂಬ ಅರಿವು ನಮ್ಮ ಪ್ರಾಚೀನರಿಗಿತ್ತು. ಹಿಂದೆ ಆಶ್ಲೇಷದ ಮಧ್ಯದಲ್ಲಿ ತೊಡಗುತ್ತಿದ್ದ ದಕ್ಷಿಣಾಯನವು ತನ್ನ ಕಾಲಕ್ಕೆ ಕರ್ಕದ ಆದಿಯಲ್ಲಿ ತೊಡಗುತ್ತದೆಂದು ವರಾಹಮಿಹಿರನು ಆರನೆಯ ಶತಮಾನದಲ್ಲಿ ಗುರುತಿಸಿದ್ದಾನೆ. ಮುಂಜಾಲನ ಮತವನ್ನು ಉಲ್ಲೇಖಿಸುವ ಭಾಸ್ಕರಾಚಾರ್ಯನು ಒಂದು ಕಲ್ಪದಲ್ಲಿ 1,99,669 ಅಯನಭಗಣಗಳನ್ನು ಹೇಳುತ್ತಾನೆ. ಇದು ವರ್ಷಕ್ಕೆ ಸುಮಾರು 59.9 ವಿಕಲೆಯಾಗುತ್ತದೆ. ಆದರೆ ಹೆಚ್ಚು ಪ್ರಚಾರದಲ್ಲಿದ್ದ ಸೂರ್ಯಸಿದ್ಧಾಂತದ ಪದ್ಧತಿಯೇ ಬೇರೆ. ಅದರ ಪ್ರಕಾರ ಸಂಪಾತಬಿಂದುವು ಪೂರ್ಣ ಸುತ್ತು ಬರುವುದಿಲ್ಲ. ಎರಡೂ ಕಡೆಗೆ 27 ಅಂಶಗಳವರೆಗೆ ಮಾತ್ರ ತೂಗುತ್ತದೆ. ವರ್ಷಕ್ಕೆ 54 ವಿಕಲೆಯ ವೇಗದಿಂದ 1800 ವರ್ಷ ಒಂದು ಕಡೆಗೆ ಸಾಗಿ ಹಿಂದಿರುಗುತ್ತದೆ. ಇಡೀ ಆಂದೋಲನಕ್ಕೆ 7200 ವರ್ಷ. ಶೂನ್ಯಾಯನಾಂಶದ ವರ್ಷ ಕ್ರಿ.ಶ. 499 ಆದುದರಿಂದ ಕ್ರಿ.ಶ. 2299ರಲ್ಲಿ ಸಂಪಾತವು ಮರಳಬೇಕು.

ಈ ಸಂಗತಿಯ ಪರಿಣಾಮವನ್ನು ವಿದ್ವಾಂಸರು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ. ಒಂದು ರಾಶಿಯ ವಿಸ್ತಾರ 30 ಅಂಶ. ಸೂರ್ಯಸಿದ್ಧಾಂತದ ಸಂಪಾತವು 27 ಅಂಶಗಳಿಗೇ ಹಿಂದಿರುಗುತ್ತದೆ. ಎಂದಮೇಲೆ ಅದು ಮೀನವನ್ನು ದಾಟಿ ಕುಂಭವನ್ನು ಎಂದಿಗೂ ಮುಟ್ಟಲಾರದು. ಸೂರ್ಯಸಿದ್ಧಾಂತದ ಪಂಚಾಂಗವನ್ನು ಪ್ರಮಾಣವೆಂದು ನಂಬುವವರು ಕುಂಭಯುಗವನ್ನೂ ಒಪ್ಪುವುದು ತಾರ್ಕಿಕವಾಗಿ ಸಾಧ್ಯವಿಲ್ಲ. ಸಂಪಾತದ ರಾಶಿಯಿಂದ ಯುಗವನ್ನು ಹೆಸರಿಸುವ ಕ್ರಮವು ನಮ್ಮ ಸಿದ್ಧಾಂತಗ್ರಂಥಗಳಲ್ಲಿ ಇಲ್ಲದಿರುವುದು ಆಕಸ್ಮಿಕವಲ್ಲ. ಅವುಗಳ ಮಹಾಯುಗವು ಗ್ರಹಭಗಣಗಳಿಗೆ ಪೂರ್ಣಸಂಖ್ಯೆ ದೊರಕಿಸಿಕೊಳ್ಳುವ ಸಾಧನ. ಅಯನಾಂಶವು ಲಗ್ನ, ಛಾಯೆ, ದಿನಮಾನಗಳ ಸಾಧನೆಗೆ ಬೇಕಾದ ತಿದ್ದುಪಡಿ. ಇವೆರಡನ್ನೂ ಬೆಸೆದುದು ಆಧುನಿಕರು. 1894ರ 'ದಿ ಹೋಲಿ ಸೈನ್ಸ್' ಗ್ರಂಥದಲ್ಲಿ ಶ್ರೀಯುಕ್ತೇಶ್ವರ ಗಿರಿಯವರು ನಾಲ್ಕು ಯುಗಗಳನ್ನು 24,000 ವರ್ಷಗಳ ಅಯನಚಕ್ರದೊಳಗೆ ಅಳವಡಿಸಿದುದು ಇದರ ಪ್ರಸಿದ್ಧ ಉದಾಹರಣೆ. ಅವರ ಚಕ್ರದ ಕೆಳತುದಿಯೂ ಕ್ರಿ.ಶ. 499ರಲ್ಲಿಯೇ ಬೀಳುವುದು ಗಮನಾರ್ಹ.

4. ಮಾರ್ಗಶಿರದ ಪ್ರಶ್ನೆ: ತಿಲಕರ ಯುಗವಿಭಾಗ

ಅಯನಚಲನದಿಂದ ಚರಿತ್ರೆಯನ್ನು ಯುಗಗಳಾಗಿ ವಿಂಗಡಿಸುವ ಅತ್ಯಂತ ಗಂಭೀರವಾದ ಭಾರತೀಯ ಪ್ರಯತ್ನ ನಡೆದುದು ಸಾಸವಡಕ್ಕೆ ಹತ್ತು ಹರದಾರಿಯೊಳಗಿನ ಪುಣೆಯಲ್ಲಿ. ಮಾಸಗಳಲ್ಲಿ ತಾನು ಮಾರ್ಗಶೀರ್ಷವೆಂದು ಗೀತೆಯಲ್ಲಿ ಕೃಷ್ಣನು ಹೇಳುವುದೇಕೆ ಎಂಬ ಪ್ರಶ್ನೆಯಿಂದ ಲೋಕಮಾನ್ಯ ತಿಲಕರು ಹೊರಟರು. ಸೋಪಾನದೇವನ ಸಮಾಧಿಯ ಮಾಸವೂ ಅದೇ. ಆ ಮಾಸಕ್ಕೆ ಆಗ್ರಹಾಯಣವೆಂಬ ಹೆಸರಿರುವುದರಿಂದ ಒಮ್ಮೆ ಮೃಗಶಿರ ನಕ್ಷತ್ರವು ವರ್ಷಾರಂಭದ ಗುರುತಾಗಿತ್ತು, ವಸಂತ ಸಂಪಾತವು ಆಗ ಅಲ್ಲಿತ್ತು ಎಂದು ಅವರು ತರ್ಕಿಸಿದರು. 1893ರಲ್ಲಿ ಪ್ರಕಟವಾದ 'ಓರಾಯನ್' ಗ್ರಂಥದಲ್ಲಿ ವೈದಿಕ ಕಾಲವನ್ನು ಅವರು ನಾಲ್ಕಾಗಿ ವಿಂಗಡಿಸಿದರು: ಕ್ರಿ.ಪೂ. 6000-4000ರ ಅದಿತಿ ಕಾಲ, 4000-2500ರ ಮೃಗಶಿರ ಕಾಲ, 2500-1400ರ ಕೃತ್ತಿಕಾ ಕಾಲ, 1400-500ರ ಸೂತ್ರಗಳ ಕಾಲ. ಜರ್ಮನಿಯ ಬಾನ್ ನಗರದಲ್ಲಿದ್ದ ಹರ್ಮನ್ ಯಾಕೋಬಿಯವರು ಅದೇ ವರ್ಷ ಸ್ವತಂತ್ರವಾಗಿ ಇಂತಹುದೇ ನಿರ್ಣಯಕ್ಕೆ ಬಂದರು.

ವಿರೋಧವೂ ಕೂಡಲೇ ಬಂದಿತು. ವ್ಹಿಟ್ನಿ, ಥೀಬೊ ಮೊದಲಾದವರ ಆಕ್ಷೇಪಗಳಲ್ಲಿ ಮುಖ್ಯವಾದುದು ಇದು: ವೈದಿಕ ವಾಙ್ಮಯದಲ್ಲಿ ಅಯನಗಳ ಪ್ರಸ್ತಾಪ ಸ್ಪಷ್ಟವಾಗಿದೆ, ಸಂಪಾತಬಿಂದುವನ್ನು ವರ್ಷದ ಆದಿಯಾಗಿ ಗುರುತಿಸಿದ್ದಕ್ಕೆ ಆಧಾರ ದುರ್ಬಲವಾಗಿದೆ. ಇನ್ನೊಂದು ಕಡೆ, ಕೃತ್ತಿಕೆಗಳು ಪೂರ್ವದಿಕ್ಕಿನಿಂದ ಕದಲುವುದಿಲ್ಲವೆಂಬ ಶತಪಥ ಬ್ರಾಹ್ಮಣದ ಹೇಳಿಕೆಯಿಂದ ಶಂಕರ ಬಾಳಕೃಷ್ಣ ದೀಕ್ಷಿತರು ಕ್ರಿ.ಪೂ. 3000ದ ಸುಮಾರನ್ನು ಸಾಧಿಸಲು ಯತ್ನಿಸಿದರು. 1896ರಲ್ಲಿ ಮರಾಠಿಯಲ್ಲಿ ಪ್ರಕಟವಾದ ಅವರ 'ಭಾರತೀಯ ಜ್ಯೋತಿಷಶಾಸ್ತ್ರ' ಇಂದಿಗೂ ಆಕರಗ್ರಂಥ. ಅದೇ ವರ್ಷ ಅವರು ರಾಬರ್ಟ್ ಸೀವೆಲ್ ಅವರೊಡನೆ 'ದಿ ಇಂಡಿಯನ್ ಕ್ಯಾಲೆಂಡರ್' ಎಂಬ ಕೋಷ್ಟಕಗ್ರಂಥವನ್ನು ಹೊರತಂದರು. ವಿಜಯನಗರದ ಚರಿತ್ರೆಯನ್ನು ಬರೆದ ಸೀವೆಲ್ ಅವರೇ ಇವರು. ಶಾಸನಗಳ ತಿಥಿವಾರಗಳನ್ನು ಪರಿಶೀಲಿಸಲು ಈ ಗ್ರಂಥವು ತಲೆಮಾರುಗಳ ಕಾಲ ಉಪಯೋಗಕ್ಕೆ ಬಂದಿತು.

ತಿಲಕರ ವಿಧಾನದಲ್ಲಿಯ ಕುಂದು ಎಲ್ಲಿದೆ ಎಂಬುದನ್ನು ಸಂಶೋಧಕರು ಸ್ಪಷ್ಟವಾಗಿ ತಿಳಿಯಬೇಕು. ಅವರ ಗಣಿತ ತಪ್ಪಲ್ಲ, ಸಂಪಾತವು ಕ್ರಿ.ಪೂ. ಐದನೆಯ ಸಹಸ್ರಮಾನದಲ್ಲಿ ಮೃಗಶಿರದ ಬಳಿ ಇತ್ತು. ಒಂದು ಮಾಸದ ಹೆಸರು ಅಥವಾ ಕಥೆಯ ಸಂಕೇತವು ಆ ಕಾಲದ ಪ್ರತ್ಯಕ್ಷ ವೀಕ್ಷಣೆಯ ದಾಖಲೆಯೇ ಆಗಿರಬೇಕೆಂಬ ಊಹೆಯು ಮಾತ್ರ ಸಾಧಿತವಾಗಿಲ್ಲ. ಆಕಾಶವು ಗಡಿಯಾರದಂತೆ ನಡೆದರೂ ಪಠ್ಯವು ಆ ಗಡಿಯಾರವನ್ನು ನೋಡಿಯೇ ಬರೆದುದೆಂದು ಬೇರೆ ಪ್ರಮಾಣಗಳಿಂದ ತೋರಿಸಬೇಕಾಗುತ್ತದೆ.

5. ಶೂನ್ಯಬಿಂದುವಿನ ವಿವಾದ ಮತ್ತು ನರಗುಂದ

ಸಂಪಾತವು ಈಗ ಎಲ್ಲಿದೆ ಎಂದು ಹೇಳಲು ರಾಶಿಚಕ್ರದ ಆದಿ ಎಲ್ಲಿ ಎಂಬುದು ಮೊದಲು ನಿಶ್ಚಿತವಾಗಬೇಕು. ಈ ವಿಷಯದಲ್ಲಿ ಪುಣೆಯ ವಿದ್ವತ್ತಿಗೂ ಕನ್ನಡ ನೆಲದಲ್ಲಿ ಹುಟ್ಟಿ ಬೆಳೆದ ವಿದ್ವತ್ತಿಗೂ ನಡೆದ ವಾದವು ನಮ್ಮ ಬೌದ್ಧಿಕ ಚರಿತ್ರೆಯ ಮಹತ್ವದ ಅಧ್ಯಾಯ. ತಿಲಕರ ಗಣಿತದ ಗುರುಗಳಾದ ಕೇರೋ ಲಕ್ಷ್ಮಣ ಛತ್ರೆಯವರು 1865ರಿಂದ ಪ್ರಕಟಿಸಿದ ಪಟವರ್ಧನೀ ಪಂಚಾಂಗದಲ್ಲಿ ರೇವತಿಯ ಯೋಗತಾರೆಯನ್ನು ಆದಿಯಾಗಿ ಹಿಡಿದರು. ತಿಲಕರೂ ಈ ಪಕ್ಷವನ್ನೇ ಎತ್ತಿಹಿಡಿದರು. 1904ರಲ್ಲಿ ಮುಂಬಯಿಯಲ್ಲಿ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣೆಯ ಸಮ್ಮೇಳನ ನಡೆಯಿತು. ಇದಕ್ಕೆ ಪ್ರತಿಯಾಗಿ ಚಿತ್ರಾ ತಾರೆಯನ್ನು ರಾಶಿಚಕ್ರದ ಸರಿಮಧ್ಯದಲ್ಲಿರಿಸಿ, ಅದರ ಎದುರು ಬಿಂದುವನ್ನು ಮೇಷಾದಿಯೆಂದು ಪರಿಗಣಿಸುವ ಪಕ್ಷವನ್ನು ಸಮರ್ಥಿಸಿದವರಲ್ಲಿ ಅಗ್ರಗಣ್ಯರು ವೆಂಕಟೇಶ ಬಾಪೂಜಿ ಕೇತಕರರು.

ಕೇತಕರರು 1854ರಲ್ಲಿ ನರಗುಂದದಲ್ಲಿ ಜನಿಸಿದರು. ಶಾಲಾಶಿಕ್ಷಕರಾಗಿ ದುಡಿದು 1930ರಲ್ಲಿ ವಿಜಾಪುರದಲ್ಲಿ ತೀರಿಕೊಂಡರು. 'ಜ್ಯೋತಿರ್ಗಣಿತ', 'ಕೇತಕೀ ಗ್ರಹಗಣಿತ' ಇವು ಅವರ ಪ್ರಸಿದ್ಧ ಸಂಸ್ಕೃತ ಕೃತಿಗಳು. ನೆಪ್ಚೂನಿನಿಂದಾಚೆಗೆ ಇನ್ನೂ ಎರಡು ಗ್ರಹಗಳಿರಬೇಕೆಂಬ ಅವರ ಲೇಖನವು 1911ರಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ನರಗುಂದದ ಹೆಸರು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಮತ್ತೊಂದು ಕಾರಣದಿಂದ ಪರಿಚಿತ. ಕನ್ನಡದ ಮೊದಲ ಜ್ಯೋತಿಷ ಗ್ರಂಥವಾದ 'ಜಾತಕತಿಲಕ'ವನ್ನು ಶ್ರೀಧರಾಚಾರ್ಯನು 1049ರಲ್ಲಿ ರಚಿಸಿದನು. ಅವನ ಊರು ಇದೇ ನರಗುಂದ. ಕಾಲ ಚಾಲುಕ್ಯ ಆಹವಮಲ್ಲನ ಆಳಿಕೆ. ಎಂಟು ಶತಮಾನಗಳ ಅಂತರದಲ್ಲಿ ಒಂದೇ ಊರು ಇಬ್ಬರು ಜ್ಯೋತಿರ್ವಿದರನ್ನು ಕೊಟ್ಟಿದೆ. ಆದರೂ ಶ್ರೀಧರಾಚಾರ್ಯನು ಕನ್ನಡದ ಚರಿತ್ರೆಯಲ್ಲಿಯೂ ಕೇತಕರರು ಮರಾಠಿಯ ಚರಿತ್ರೆಯಲ್ಲಿಯೂ ಪ್ರತ್ಯೇಕವಾಗಿ ಉಳಿದುಬಿಟ್ಟಿದ್ದಾರೆ. ಭಾಷಾವಾರು ಪ್ರಾಂತಗಳ ಗಡಿಯು ವಿದ್ವತ್ತಿನ ಗಡಿಯೂ ಆದುದರ ಫಲವಿದು.

ಈಗ ಈ ಪಕ್ಷಗಳ ಪರಿಣಾಮವನ್ನು ನೋಡಬಹುದು. ಚಿತ್ರಾಪಕ್ಷದಲ್ಲಿ ಶೂನ್ಯಾಯನಾಂಶದ ವರ್ಷ ಕ್ರಿ.ಶ. 285, ಸೂರ್ಯಸಿದ್ಧಾಂತದಲ್ಲಿ 499. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಪಂಚಾಂಗಕರ್ತರು ಬಹುಕಾಲ ಅವಲಂಬಿಸಿದ, ಗಣೇಶ ದೈವಜ್ಞನ 'ಗ್ರಹಲಾಘವ'ದಲ್ಲಿ (1520) ಅದು ಶಕ 444, ಎಂದರೆ ಕ್ರಿ.ಶ. 522. ರೇವತೀಪಕ್ಷದಲ್ಲಿ ಸುಮಾರು 575. ಇಂದಿನ ವೇಗವನ್ನು ಹಿಡಿದು ಲೆಕ್ಕ ಹಾಕಿದರೆ ಸಂಪಾತವು ಕುಂಭವನ್ನು ಹೊಗುವುದು ಚಿತ್ರಾಪಕ್ಷದಂತೆ ಕ್ರಿ.ಶ. 2430ರ ಅನಂತರ, ರೇವತೀಪಕ್ಷದಂತೆ 2720ರ ಸುಮಾರಿಗೆ. ವರ್ಷಕ್ಕೊಂದು ಕಲೆಯೆಂಬ ಗ್ರಹಲಾಘವದ ವೇಗವನ್ನೇ ಹಿಡಿದರೆ 2322ರಲ್ಲಿ. ಸೂರ್ಯಸಿದ್ಧಾಂತದಂತೆ ಎಂದಿಗೂ ಇಲ್ಲ. ಪಾಶ್ಚಾತ್ಯ ಲೇಖಕರಲ್ಲಿಯೂ ಒಮ್ಮತವಿಲ್ಲ. ಕುಂಭಯುಗದ ಆರಂಭಕ್ಕೆ ಅವರು ಕೊಟ್ಟಿರುವ ವರ್ಷಗಳನ್ನು ಸಂಗ್ರಹಿಸಿದ ನಿಕೋಲಸ್ ಕ್ಯಾಂಪಿಯನ್ ಅವರ ಪಟ್ಟಿ 1447ರಿಂದ 3597ರವರೆಗೆ ಹರಡಿದೆ.

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಗೆ ಆಡಳಿತದ ಮಟ್ಟದಲ್ಲಿ ಉತ್ತರ ದೊರೆಯಿತು. ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕಗೊಂಡ ಪಂಚಾಂಗ ಸುಧಾರಣಾ ಸಮಿತಿಯು 1955ರಲ್ಲಿ ವರದಿ ಸಲ್ಲಿಸಿತು. 1957ರ ಮಾರ್ಚ್ 22ರಿಂದ, ಶಕ 1879ರ ಚೈತ್ರ 1ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. 1956ರ ಮಾರ್ಚ್ 21ರಂದು ಅಯನಾಂಶವು 23 ಅಂಶ 15 ಕಲೆ ಎಂದು ಸಮಿತಿಯು ಅಂಗೀಕರಿಸಿತು. ಇದು ಕೇತಕರರು ಪ್ರತಿಪಾದಿಸಿದ ಚಿತ್ರಾಪಕ್ಷಕ್ಕೆ ಅನುಗುಣವಾದುದು. ನರಗುಂದದಲ್ಲಿ ಹುಟ್ಟಿದ ಶಿಕ್ಷಕರೊಬ್ಬರ ಪಕ್ಷವು ಹೀಗೆ ರಾಷ್ಟ್ರದ ಪಕ್ಷವಾಯಿತು.

6. ಅರಸರು ತಂದ ಯುಗಗಳು

ಗಣಿತದ ಯುಗಕ್ಕಿಂತ ಭಿನ್ನವಾಗಿ, ಅಧಿಕಾರವು ಘೋಷಿಸಿದ ಯುಗಗಳೂ ಇವೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಶಕ 998ರಲ್ಲಿ, ಕ್ರಿ.ಶ. 1076ರ ನಳ ಸಂವತ್ಸರದಲ್ಲಿ, ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದನು. ನೂರಾರು ಕನ್ನಡ ಶಾಸನಗಳು ಈ ಗಣನೆಯಲ್ಲಿವೆ. ಸಾಸವಡದ ನೆತ್ತಿಯ ಮೇಲಿರುವ ಪುರಂದರದ ಒಪ್ಪಂದದಲ್ಲಿ 1665ರಲ್ಲಿ 23 ದುರ್ಗಗಳನ್ನು ಮೊಗಲರಿಗೆ ಬಿಟ್ಟುಕೊಟ್ಟ ಶಿವಾಜಿಯು ಒಂಬತ್ತು ವರ್ಷಗಳ ಮೇಲೆ, 1674ರ ಆನಂದ ಸಂವತ್ಸರದಲ್ಲಿ, ರಾಯಗಡದಲ್ಲಿ ಪಟ್ಟಾಭಿಷಿಕ್ತನಾಗಿ ರಾಜ್ಯಾಭಿಷೇಕ ಶಕವನ್ನು ತೊಡಗಿಸಿದನು. ಸುಮಾರು ಆರುನೂರು ವರ್ಷಗಳ ಅಂತರದ ಈ ಎರಡು ಘಟನೆಗಳ ಅಭಿಪ್ರಾಯ ಒಂದೇ: ಕಾಲವು ಇಲ್ಲಿಂದ ಹೊಸದಾಗಿ ಎಣಿಕೆಯಾಗಬೇಕು.

ಶಿವಾಜಿಯ ಪಟ್ಟಾಭಿಷೇಕದಲ್ಲಿ ಯುಗದ ವಿಚಾರವು ಶಾಸ್ತ್ರೀಯ ತೊಡಕಾಗಿಯೂ ಬಂದಿತ್ತೆಂಬುದನ್ನು ನೆನೆಯಬೇಕು. ಕಲಿಯುಗದಲ್ಲಿ ಮೊದಲ ಮತ್ತು ಕೊನೆಯ ವರ್ಣಗಳು ಮಾತ್ರ ಉಳಿದಿವೆ, ಕ್ಷತ್ರಿಯರಿಲ್ಲ ಎಂಬ ಮತವು ಅಂದು ಪ್ರಬಲವಾಗಿತ್ತು. ಕ್ಷತ್ರಿಯನಿಲ್ಲದ ಯುಗದಲ್ಲಿ ವೈದಿಕ ಪಟ್ಟಾಭಿಷೇಕವೆಲ್ಲಿಯದು? ಕಾಶಿಯ ಗಾಗಾಭಟ್ಟನ ಸಮ್ಮತಿ ಬೇಕಾದುದು ಇಲ್ಲಿಯೇ. ಯುಗವು ಕೇವಲ ಲೆಕ್ಕವಾಗಿರಲಿಲ್ಲ. ಯಾರಿಗೆ ಯಾವ ಅಧಿಕಾರವಿದೆ, ಯಾರಿಗಿಲ್ಲ ಎಂಬುದನ್ನು ನಿರ್ಣಯಿಸುವ ಸಾಧನವೂ ಆಗಿತ್ತು.

7. ಸಂತರ ಯುಗ, ಕಾಲಜ್ಞಾನಿಗಳ ಯುಗ

ಮಧ್ಯಕಾಲೀನ ಭಕ್ತಿಸಾಹಿತ್ಯವು ಇದೇ ಕಲಿಯುಗವನ್ನು ಬೇರೊಂದು ಬಗೆಯಲ್ಲಿ ಎದುರಿಸಿತು. ಶಕ 1212ರ (ಕ್ರಿ.ಶ. 1290) 'ಜ್ಞಾನೇಶ್ವರಿ'ಯ ಸಮಾಪ್ತಿಯಲ್ಲಿ ಕಲಿಯುಗ, ಮಹಾರಾಷ್ಟ್ರ ಮಂಡಲ, ಗೋದಾವರಿಯ ದಕ್ಷಿಣ ತೀರ ಮತ್ತು ಯಾದವ ರಾಮಚಂದ್ರನ ಆಳಿಕೆ, ಇವೆಲ್ಲ ಹೆಸರಾಗಿವೆ. ಹೀನವೆಂದು ಶಾಸ್ತ್ರವು ಸಾರಿದ ಯುಗದಲ್ಲಿಯೇ ಗೀತೆಯ ಅರ್ಥವು ದೇಶೀಯ ನುಡಿಗೆ ಇಳಿದುಬಂದುದನ್ನು ಅದು ದಾಖಲಿಸುತ್ತದೆ. ವಾರಕರಿಗಳ ನಂಬಿಕೆಯಲ್ಲಿ ವಿಠ್ಠಲನು ಇಪ್ಪತ್ತೆಂಟು ಯುಗಗಳಿಂದ ಇಟ್ಟಿಗೆಯ ಮೇಲೆ ನಿಂತಿದ್ದಾನೆ. ವೈವಸ್ವತ ಮನ್ವಂತರದ ಇಪ್ಪತ್ತೆಂಟನೆಯ ಮಹಾಯುಗದಲ್ಲಿ ನಾವಿದ್ದೇವೆಂದು ಪ್ರತಿ ಸಂಕಲ್ಪದಲ್ಲಿಯೂ ಹೇಳಲಾಗುವ ಸಂಖ್ಯೆಗೂ ಇದಕ್ಕೂ ಸಂಬಂಧವಿರಬೇಕು. ಪುರೋಹಿತರ ಸಂಕಲ್ಪದ ಸಂಖ್ಯೆಯು ಇಲ್ಲಿ ದೇವರ ತಾಳ್ಮೆಯ ಅಳತೆಯಾಗಿ ಮಾರ್ಪಟ್ಟಿದೆ. ಆ ವಿಠ್ಠಲನನ್ನು ಜ್ಞಾನೇಶ್ವರರ ಹೆಸರಿನ ಅಭಂಗವೊಂದು ಕನ್ನಡಿಗನೆಂದು ಕರೆಯುವುದೂ, ಹೊಯ್ಸಳ ಸೋಮೇಶ್ವರನ 1237ರ ದತ್ತಿಶಾಸನ ಪಂಢರಪುರದಲ್ಲಿರುವುದೂ ಪ್ರಸಿದ್ಧವಾದ ಸಂಗತಿಗಳು.

ಸಾಸವಡದಲ್ಲಿ ಸಂಶೋಧಕರು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. ಚಾಂಗವಟೇಶ್ವರದೊಡನೆ ಸೇರಿಕೊಂಡಿರುವ ಚಾಂಗದೇವನು, ಹದಿನಾಲ್ಕು ನೂರು ವರ್ಷ ಬದುಕಿದನೆಂದು ಐತಿಹ್ಯವು ಹೇಳುವ ಯೋಗಿ. ಭಾಸ್ಕರಾಚಾರ್ಯನ ಮೊಮ್ಮಗನಾದ ಚಾಂಗದೇವನು ಬೇರೆ. ಅವನು ಯಾದವ ಸಿಂಘಣನ ಆಸ್ಥಾನ ಜ್ಯೋತಿಷಿ. 'ಸಿದ್ಧಾಂತ ಶಿರೋಮಣಿ'ಯ ಅಧ್ಯಯನಕ್ಕಾಗಿ ಮಠವನ್ನು ಸ್ಥಾಪಿಸಿದ ವಿಷಯ ಖಾನದೇಶದ ಪಾಟಣದ ಶಾಸನದಲ್ಲಿದೆ. ಒಬ್ಬನು ಕಾಲವನ್ನು ಅಳೆದವನು. ಮತ್ತೊಬ್ಬನು ಕಾಲವನ್ನು ವಂಚಿಸಿದವನೆಂದು ಜನ ನಂಬಿದವನು. ಹೆಸರಿನ ಸಾಮ್ಯದಿಂದ ಇವರನ್ನು ಒಂದಾಗಿಸಲಾಗದು.

ಕನ್ನಡದಲ್ಲಿ ಯುಗಪರಿವರ್ತನೆಯ ನಿರೀಕ್ಷೆಯು ತೀವ್ರವಾಗಿ ವ್ಯಕ್ತವಾದುದು ಕಾಲಜ್ಞಾನ ಸಾಹಿತ್ಯದಲ್ಲಿ. ವಿದ್ಯಾರಣ್ಯ, ಚನ್ನಬಸವಣ್ಣ ಮುಂತಾದವರ ಹೆಸರಿನಲ್ಲಿ ಬಂದ ಕಾಲಜ್ಞಾನಗಳೂ ಹದಿನಾರನೆಯ ಶತಮಾನದ ಕೊಡೇಕಲ್ ಬಸವಣ್ಣನ ಪರಂಪರೆಯ ರಚನೆಗಳೂ ಈ ವರ್ಗಕ್ಕೆ ಸೇರುತ್ತವೆ. ರಾಜ್ಯಗಳ ಪತನ, ಧರ್ಮದ ವಿಪರ್ಯಾಸ, ಕೊನೆಗೆ ವೀರವಸಂತರಾಯನೆಂಬ ಅರಸನ ಆಗಮನ, ಇವು ಮತ್ತೆ ಮತ್ತೆ ಬರುವ ವಸ್ತುಗಳು. ಇಲ್ಲಿ ಮಹಾಯುಗದ ಲಕ್ಷಾಂತರ ವರ್ಷಗಳಿಗೆ ಎಡೆಯಿಲ್ಲ. ಯುಗಾಂತ್ಯವು ಒಂದು ಸಂವತ್ಸರದ ಹೆಸರಿನಿಂದ, ಕೇಳುವವನ ಆಯುಷ್ಯದೊಳಗೆಯೇ ಬರುವಂತೆ ಸೂಚಿತವಾಗುತ್ತದೆ. ನಡೆದುಹೋದುದನ್ನು ಭವಿಷ್ಯತ್ಕಾಲದಲ್ಲಿ ಹೇಳುವುದು ಈ ಪ್ರಕಾರದ ಸಹಜ ತಂತ್ರ. ಭವಿಷ್ಯವು ಎಲ್ಲಿಯವರೆಗೆ ನಿಖರವಾಗಿದೆಯೋ ಅಲ್ಲಿಯವರೆಗೆ ಕವಿಯು ಕಂಡ ಚರಿತ್ರೆ. ಎಲ್ಲಿ ಮಸುಕಾಗುತ್ತದೆಯೋ ಅಲ್ಲಿಂದ ಅವನ ಆಸೆ ಅಥವಾ ಭಯ. ಕೃತಿಯ ಕಾಲವನ್ನು ಹುಡುಕಬೇಕಾದುದು ಈ ಸಂಧಿಸ್ಥಾನದಲ್ಲಿ. ನನ್ನ ಹಿಂದಿನ ನಿರ್ಣಯವು ಎಡವಿದುದು ಕವಿಯ ಆಸೆಯ ಸಂವತ್ಸರವನ್ನು ಅವನು ಕಂಡ ಸಂವತ್ಸರವೆಂದು ಭಾವಿಸಿದ್ದರಿಂದ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಿದ್ಧಾಂತಗಳ ಯುಗ, ಸಪ್ತರ್ಷಿಗಳ ಗಣನೆ, ಅಯನಚಲನದ ಕಾಲಖಂಡ, ಅರಸರ ಶಕ ಮತ್ತು ಕಾಲಜ್ಞಾನದ ಯುಗಾಂತ್ಯ ಇವು ಪರಸ್ಪರ ಬದಲಿಯಾಗಿ ಬಳಸಬಹುದಾದ ಅಳತೆಗಳಲ್ಲ. ಎರಡನೆಯದಾಗಿ, ಸಂಪಾತದ ರಾಶಿಯಿಂದ ಯುಗವನ್ನು ಹೆಸರಿಸುವುದು ಆಧುನಿಕ ಕಲ್ಪನೆ. ಅದನ್ನು ಶಾಸನ ಅಥವಾ ಕಾವ್ಯಗಳ ವ್ಯಾಖ್ಯಾನಕ್ಕೆ ತರುವುದು ಸಾಧುವಲ್ಲ. ಮೂರನೆಯದಾಗಿ, ಸಂಪಾತವು ಸರಿಯುವುದು ಪ್ರಕೃತಿಯ ಸತ್ಯ. ಅದು ಗಡಿ ದಾಟಿತೆಂಬುದು ಗಡಿಯನ್ನು ಎಳೆದವರ ನಿರ್ಣಯ. ನಾಲ್ಕನೆಯದಾಗಿ, ಶಕವರ್ಷದ ಉಲ್ಲೇಖವಿಲ್ಲದ ಸಂವತ್ಸರದಿಂದ ಕಾಲನಿರ್ಣಯ ಮಾಡುವಾಗ ಅರುವತ್ತು ವರ್ಷಗಳ ಪುನರಾವೃತ್ತಿಯನ್ನೂ, ದಕ್ಷಿಣದ ಮತ್ತು ಉತ್ತರದ ಸಂವತ್ಸರಗಳ ಭೇದವನ್ನೂ ಲಕ್ಷಿಸಲೇಬೇಕು. ಉತ್ತರದ ಎಣಿಕೆಯು ಇಂದು ನಮ್ಮದಕ್ಕಿಂತ ಹತ್ತಕ್ಕೂ ಹೆಚ್ಚು ಸ್ಥಾನ ಮುಂದಿದೆ. ಹೊರನಾಡಿನ ಭಂಡಾರಗಳಲ್ಲಿರುವ ಕನ್ನಡ ಹಸ್ತಪ್ರತಿಗಳನ್ನು ಪರಿಶೀಲಿಸುವವರಿಗೆ ಇದು ಮುಖ್ಯ.

ಮಹಾರಾಷ್ಟ್ರದಲ್ಲಿ ಮರೆಯಾದ ಕನ್ನಡದ ನೆಲೆಗಳನ್ನು ಶಂ. ಬಾ. ಜೋಶಿಯವರು 1933ರ 'ಕಂಣ್ಮರೆಯಾದ ಕನ್ನಡ'ದಲ್ಲಿ ತೋರಿಸಿಕೊಟ್ಟರು. ಭಾಷೆಯ ಕುರಿತು ಅವರು ಮಾಡಿದ ಕೆಲಸವನ್ನು ಪಂಚಾಂಗ, ಕರಣಗ್ರಂಥ ಮತ್ತು ಕಾಲಗಣನೆಗಳ ವಿಷಯದಲ್ಲಿಯೂ ಮಾಡಬೇಕಾಗಿದೆ. ಉತ್ತರ ಕರ್ನಾಟಕದ ಮನೆತನಗಳಲ್ಲಿ ಉಳಿದಿರಬಹುದಾದ ಗ್ರಹಲಾಘವದ ಪ್ರತಿಗಳು, ಕೈಬರಹದ ಪಂಚಾಂಗಗಳು, ಕನ್ನಡ ಅಥವಾ ಮೋಡಿಯಲ್ಲಿ ಬರೆದ ಟಿಪ್ಪಣಿಗಳು ಮುಂತಾದ ಸಾಮಗ್ರಿಯು ಪೂರ್ಣವಾಗಿ ನಾಶವಾಗುವ ಮೊದಲು ಸಂಗ್ರಹವಾಗಬೇಕು. ಕನ್ನಡ ಬಲ್ಲವರೂ ಮರಾಠಿ ಬಲ್ಲವರೂ ಗಣಿತ ಬಲ್ಲವರೂ ಕೂಡಿ ಕೈಹಾಕದೆ ಈ ಕಾರ್ಯ ನೆರವೇರದು. ಈ ದಿಸೆಯಲ್ಲಿ ಹೊರನಾಡಿನ ಸಂಶೋಧಕರು ಮುಂದಾದರೆ ಸಾಸವಡಕ್ಕೂ ನರಗುಂದಕ್ಕೂ ನಡುವೆ ಇದ್ದ ದಾರಿಯು ಮತ್ತೊಮ್ಮೆ ತೆರೆದುಕೊಳ್ಳುವುದರಲ್ಲಿ ಸಂದೇಹವಿಲ್ಲ.